ಕೋಲ್‌ಸ್ಲಾ ಮಾಡುವ ಮುನ್ನ ಕೋಸಿನ ನೀರು ತೆಗೆಯಿರಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲೇ ಕೋಲ್‌ಸ್ಲಾ ಮಾಡುವುದು ಹೇಗೆ ಅಂತ ಹೇಳಿಕೊಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಹತ್ತು ನಿಮಿಷ ಕೊಟ್ಟಿದ್ದಾರೆ. ನಾನು ಹೇಳಬೇಕಾಗಿರುವುದು ಒಂದೇ ಮಾತು: ಮೇಯೊನೇಸ್ ಹಾಕುವ ಮೊದಲು ಎಲೆಕೋಸಿನ ನೀರು ತೆಗೆಯಿರಿ. ಹೇಳಿಯಾಯ್ತು. ಒಲೆ ಮೇಲೆ ಹಾಲಿಟ್ಟು ಬಂದವರು ಈಗ ಎದ್ದು ಹೋದರೂ ನನಗೆ ಬೇಜಾರಿಲ್ಲ. ಉಳಿದವರು ಕೂತ್ಕೊಳ್ಳಿ, ನಿಧಾನವಾಗಿ ಹೇಳ್ತೀನಿ.

ಕೋಲ್‌ಸ್ಲಾ ಅಂದರೆ ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸು, ಸ್ವಲ್ಪ ಕ್ಯಾರೆಟ್, ಅದಕ್ಕೆ ಕಲಸಿದ ಮೇಯೊನೇಸ್, ಅಂದರೆ ಎಣ್ಣೆ, ಮೊಟ್ಟೆ ಕಡೆದು ಮಾಡುವ ಕೆನೆಯಂಥ ಗಟ್ಟಿ ಸಾಸ್. ಡಚ್ಚರು ಈಗಿನ ನ್ಯೂಯಾರ್ಕ್ ಕಡೆಗೆ ಹೋಗಿ ನೆಲೆಸಿದಾಗ ಜೊತೆಗೆ ಒಯ್ದ ತಿನಿಸು ಇದು. ಆಗ ಮೇಯೊನೇಸ್ ಇರಲಿಲ್ಲ, ವಿನೆಗರ್ ಹಾಕುತ್ತಿದ್ದರು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇವತ್ತಿಗೂ ಬಾರ್ಬೆಕ್ಯೂ ಜೊತೆ ವಿನೆಗರ್ ಹಾಕಿದ ಹುಳಿ ಕೋಲ್‌ಸ್ಲಾ ಸಿಗುತ್ತದೆ. ನ್ಯೂಯಾರ್ಕ್‌ನ ಅಂಗಡಿಕಾರ ರಿಚರ್ಡ್ ಹೆಲ್ಮನ್ 1912ರಲ್ಲಿ ಮೇಯೊನೇಸನ್ನು ಗಾಜಿನ ಜಾಡಿಗೆ ತುಂಬಿ ಮಾರಲು ಶುರು ಮಾಡಿದರು. ಹೀಗೆ ಜಾಡಿಯ ಮೇಯೊನೇಸ್ ಮನೆಮನೆಗೆ ಬಂದ ಮೇಲೆ ಬೆಳ್ಳನೆಯ, ಕೆನೆಯಂಥ ಕೋಲ್‌ಸ್ಲಾ ಎಲ್ಲರದ್ದಾಯಿತು. ನಮ್ಮ ಕಡೆ? 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಬಾಗಿಲು ತೆರೆಯಿತು. ಆಮೇಲೆ ಕೋಲ್‌ಸ್ಲಾ, ಮೇಯೊನೇಸ್ ಎಲ್ಲ ನಮ್ಮ ಮಕ್ಕಳ ಬಾಯಲ್ಲಿ ಓಡಾಡತೊಡಗಿದವು. ಚರಿತ್ರೆ ಇಷ್ಟು ಸಾಕು.

ಈಗ ಒಂದು ಕಥೆ ಹೇಳಲೇಬೇಕು. ನಮ್ಮ ನೆಂಟರ ಮನೆಯ ಮದುವೆ ಆರತಕ್ಷತೆ. ಬಫೆ ಊಟ. ಸಾಲು ಸಾಲಾಗಿ ಪಾತ್ರೆಗಳು, ಹಿಂದೆ ಬಿಳಿ ಟೋಪಿ ಹಾಕಿಕೊಂಡ ಹುಡುಗರು. ಸಲಾಡ್ ಇಟ್ಟಿದ್ದ ಕಡೆ ದೊಡ್ಡ ಗಾಜಿನ ಬಟ್ಟಲಲ್ಲಿ ಕೋಲ್‌ಸ್ಲಾ. ಏಳು ಗಂಟೆಗೆ ನಾನು ನೋಡಿದಾಗ ಚೆನ್ನಾಗೇ ಇತ್ತು. ಫೋಟೋ ತೆಗೆಸಿಕೊಳ್ಳುವ ಸಾಲು ಕರಗುವ ಹೊತ್ತಿಗೆ ಒಂಬತ್ತಾಯ್ತು. ಅಷ್ಟರಲ್ಲಿ ಬಟ್ಟಲಿನ ತುಂಬಾ ಬೆಳ್ಳನೆಯ ತೆಳು ನೀರು, ಅದರಲ್ಲಿ ಕೋಸಿನ ಎಳೆಗಳು ತೇಲುತ್ತಿವೆ. ನನ್ನ ಮುಂದೆ ಪಂಚೆ ಉಟ್ಟ ಹಿರಿಯರೊಬ್ಬರು ನಿಂತಿದ್ದರು. ತಟ್ಟೆಯಲ್ಲಿ ಬಿಸಿ ಅನ್ನ ಹಾಕಿಸಿಕೊಂಡಿದ್ದರು. ಬಟ್ಟಲು ನೋಡಿದರು, ಸೌಟು ತಗೊಂಡರು, ಅನ್ನದ ಮೇಲೆ ಎರಡು ಸೌಟು ಧಾರಾಳವಾಗಿ ಸುರಿದುಕೊಂಡರು. "ಮಜ್ಜಿಗೆ ಹುಳಿ ಇಲ್ಲಿ ಯಾಕಿಟ್ಟಿದ್ದಾರೋ" ಅಂತ ಗೊಣಗಿಕೊಂಡು ಮುಂದೆ ಹೋದರು. ನಾನು ಬಾಯಿ ಬಿಡುವಷ್ಟರಲ್ಲಿ ಕಲಸಿ ಒಂದು ತುತ್ತು ಬಾಯಿಗಿಟ್ಟಾಗಿತ್ತು. ಅವರ ಮುಖ ನೋಡಬೇಕಿತ್ತು ನೀವು. ಸಿಹಿ, ವಿನೆಗರ್ ಹುಳಿ, ಎಣ್ಣೆ ಜಿಡ್ಡು, ಕೆಳಗೆ ಬಿಸಿ ಅನ್ನ. ಪಾಪ, ದೊಡ್ಡ ಮನುಷ್ಯರು, ಉಗುಳಲಿಲ್ಲ. ನುಂಗಿದರು. ಆಮೇಲೆ ಟೋಪಿ ಹುಡುಗನನ್ನು ಕರೆದು, "ಮಗಾ, ಈ ಮಜ್ಜಿಗೆ ಹುಳಿಗೆ ಒಗ್ಗರಣೆ ಹಾಕೋದು ಮರೆತಿದ್ದೀರಿ ನೋಡು" ಅಂದರು. ಆ ಹುಡುಗ ಏನೆಂದ ಗೊತ್ತಾ? "ಅದು ಗ್ರೇವಿ ಸಾರ್, ಹಂಗೇ ಇರುತ್ತೆ."

ನನಗೆ ತಡೆಯಲಾಗಲಿಲ್ಲ. ಅಡುಗೆಮನೆ ಕಡೆ ಹೋಗಿ ಮುಖ್ಯ ಅಡುಗೆಯವರನ್ನೇ ಕೇಳಿದೆ, ಕೋಸಿಗೆ ಉಪ್ಪು ಯಾವಾಗ ಹಾಕಿದಿರಿ ಅಂತ. "ಕೊನೇಲಿ ಅಮ್ಮಾ, ಕೋಸಂಬರಿಗೆ ಹಾಕಲ್ವಾ, ಹಂಗೆ. ಮೊದಲೇ ಹಾಕಿದ್ರೆ ನೀರು ಬಿಟ್ಕೊಳ್ಳುತ್ತೆ" ಅಂದರು. ನೋಡಿ, ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕೋಸಂಬರಿಗೆ ಅದೇ ಸರಿ. ಉಪ್ಪು ಹಾಕಿದ ತಕ್ಷಣ ಎಲೆಗೆ ಬಡಿಸುತ್ತೀವಿ, ಐದು ನಿಮಿಷದಲ್ಲಿ ಹೊಟ್ಟೆ ಸೇರುತ್ತದೆ. ಕೋಲ್‌ಸ್ಲಾ ಹಾಗಲ್ಲವಲ್ಲ, ಗಂಟೆಗಟ್ಟಲೆ ಕೂರುತ್ತದೆ. ಹೆಸರುಬೇಳೆಯ ಲೆಕ್ಕವನ್ನು ಇಲ್ಲಿಗೆ ತಂದರೆ ಮಜ್ಜಿಗೆ ಹುಳಿಯೇ ಆಗುವುದು.

ಯಾಕೆ ಅಂತ ಕೇಳಿ. ಎಲೆಕೋಸಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಜಾಸ್ತಿ ನೀರೇ ಇರುವುದು. ಉಪ್ಪು ಆ ನೀರನ್ನು ಹೊರಗೆ ಎಳೆಯುತ್ತದೆ. ಸಕ್ಕರೆಯೂ ಎಳೆಯುತ್ತದೆ. ಮೇಯೊನೇಸ್‌ನಲ್ಲಿ ಉಪ್ಪೂ ಇದೆ, ಸಕ್ಕರೆಯೂ ಇರಬಹುದು. ನೀವು ಬೇರೆ ಉಪ್ಪು ಹಾಕದಿದ್ದರೂ ಕೋಸು ನೀರು ಬಿಟ್ಟೇ ಬಿಡುತ್ತದೆ. ಇನ್ನು ಮೇಯೊನೇಸ್ ಗಟ್ಟಿಯಾಗಿರುವುದು ಯಾಕೆ? ಎಣ್ಣೆಯ ಸಣ್ಣ ಸಣ್ಣ ಹನಿಗಳು ಒತ್ತೊತ್ತಾಗಿ ಕೂತಿರುತ್ತವೆ, ಅದಕ್ಕೆ. ನಡುವೆ ನೀರು ಸೇರಿತೋ, ಹನಿಗಳು ದೂರ ದೂರ ಸರಿದು ತೆಳ್ಳಗಾಗುತ್ತದೆ. ನೀರು ಹೇಗೂ ಬರುತ್ತದೆ. ಸಿಂಕಿಗೆ ಬಿಡಬೇಕೋ ತಟ್ಟೆಗೆ ಬಿಡಬೇಕೋ, ಅದನ್ನು ನೀವು ತೀರ್ಮಾನ ಮಾಡಿ.

ಈಗ ಮಾಡುವ ಕ್ರಮ. ಅರ್ಧ ಕಿಲೋ ಎಲೆಕೋಸು. ಗಟ್ಟಿಯಾಗಿ, ಕೈಗೆ ಭಾರವಾಗಿ ಸಿಗುವುದನ್ನು ತನ್ನಿ. ಮೇಲಿನ ಎರಡು ಎಲೆ ತೆಗೆದು, ನಾಲ್ಕು ಹೋಳು ಮಾಡಿ, ನಡುವಿನ ದಿಂಡು ಕತ್ತರಿಸಿ ಬಿಸಾಡಿ. ಹುಳ ಇದೆಯಾ ನೋಡಿ, ತೊಳೆದು ಬಟ್ಟೆಯಲ್ಲಿ ಒರೆಸಿ. ಆಮೇಲೆ ಹರಿತವಾದ ಚಾಕುವಿನಲ್ಲಿ ಅಥವಾ ಈಳಿಗೆಮಣೆಯಲ್ಲಿ ಎಳೆ ಎಳೆಯಾಗಿ ಹೆಚ್ಚಿ. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗಲ್ಲ. ಜಜ್ಜಿಹೋಗುತ್ತದೆ. ಸುಮ್ನೆ ಹತ್ತು ನಿಮಿಷ ಕೂತು ಹೆಚ್ಚಿ. ಕ್ಯಾರೆಟ್ ಒಂದು ಸಾಕು, ಅದನ್ನು ತುರಿದರೂ ನಡೆಯುತ್ತದೆ.

ಹೆಚ್ಚಿದ ಕೋಸಿಗೂ ಕ್ಯಾರೆಟ್ಟಿಗೂ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಸಕ್ಕರೆ ಹಾಕಿ ಕೈಯಲ್ಲೇ ಚೆನ್ನಾಗಿ ಕಲಸಿ. ತೂತಿನ ಪಾತ್ರೆಗೆ ಹಾಕಿ, ಕೆಳಗೆ ಒಂದು ಬಟ್ಟಲಿಟ್ಟು, ಒಂದು ಗಂಟೆ ಬಿಡಿ. ಒಂದು ಗಂಟೆ ಅಂದರೆ ಒಂದು ಗಂಟೆ. ಹತ್ತು ನಿಮಿಷಕ್ಕೆ ಹೋಗಿ ನೋಡಿ, "ಏನೂ ಬಂದಿಲ್ಲ" ಅನ್ನಬೇಡಿ. ಗಂಟೆ ಕಳೆದ ಮೇಲೆ ಹಿಡಿ ಹಿಡಿಯಾಗಿ ತಗೊಂಡು, ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡಿ. ಬೆರಳ ಸಂದಿಯಿಂದ ತಿಳಿಹಸಿರು ನೀರು ಧಾರೆಯಾಗಿ ಇಳಿಯುತ್ತದೆ. ಹನಿ ಹನಿಯಾಗುವವರೆಗೂ ಬಿಡಬೇಡಿ. ಕೋಸು ಬಾಡಿದ ಹಾಗೆ ಕಾಣುತ್ತದೆ, ಹೆದರಬೇಡಿ. ಒಂದು ಎಳೆ ಬಾಯಿಗೆ ಹಾಕಿ ಕಚ್ಚಿ ನೋಡಿ, ಕರುಂ ಅನ್ನುತ್ತದೆ. ಉಪ್ಪು ಜಾಸ್ತಿ ಅನಿಸಿದರೆ ತಣ್ಣೀರಲ್ಲಿ ಒಮ್ಮೆ ಜಾಲಿಸಿ ಮತ್ತೆ ಹಿಂಡಿ.

ಸತ್ವವೆಲ್ಲ ಹೋಗುತ್ತಲ್ಲಮ್ಮಾ ಅಂತ ಆ ಅಡುಗೆಯವರೂ ಕೇಳಿದ್ದರು. ಅಷ್ಟು ಸಂಕಟ ಆದರೆ ಆ ನೀರಲ್ಲಿ ಚಪಾತಿ ಹಿಟ್ಟು ಕಲಸಿ, ಬೇರೆ ಉಪ್ಪು ಹಾಕಬೇಡಿ. ಆದರೆ ನೀರು ತೆಗೆಯಿರಿ.

ಇನ್ನು ಕೋಸಿಗೆ ಕಲಸುವ ಮಿಶ್ರಣ, ಅದು ಸುಲಭ. ಅರ್ಧ ಕಪ್ ಮೇಯೊನೇಸ್, ಎರಡು ದೊಡ್ಡ ಚಮಚ ಗಟ್ಟಿ ಮೊಸರು. ಮೊಸರನ್ನೂ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದಿರಬೇಕು, ಮರೆಯಬೇಡಿ. ಎರಡು ಟೀ ಚಮಚ ನಿಂಬೆರಸ, ಒಂದು ಟೀ ಚಮಚ ಸಕ್ಕರೆ, ಕಾಲು ಚಮಚ ಮೆಣಸಿನ ಪುಡಿ. ಮೆಣಸು ಅಂದರೆ ಕಾಳುಮೆಣಸು, ಒಣಮೆಣಸಿನಕಾಯಿ ಪುಡಿ ಹಾಕಿ ಕೆಂಪು ಮಾಡಬೇಡಿ. ಸಾಸಿವೆ ಪುಡಿ ಇದ್ದರೆ ಒಂದು ಚಿಟಿಕೆ. ಉಪ್ಪು ಈಗ ಬೇಡ. ಕಲಸಿ, ರುಚಿ ನೋಡಿ, ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ.

ಮೇಯೊನೇಸನ್ನು ಮನೆಯಲ್ಲೇ ಮಾಡುವುದಾದರೆ ಹಸಿ ಮೊಟ್ಟೆ ಬೇಡ. ಹಸಿ ಮೊಟ್ಟೆಯ ಮೇಯೊನೇಸನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧ ಮಾಡಿದವು. ಸುಮ್ಮನೆ ಮಾಡಲಿಲ್ಲ, ಅದರಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆಳೆಯಬಹುದು. ಕಾಯಿಸಿ ಆರಿಸಿ ತಣ್ಣಗೆ ಮಾಡಿದ ಹಾಲು ಅರ್ಧ ಕಪ್, ವಾಸನೆ ಇಲ್ಲದ ಸೂರ್ಯಕಾಂತಿ ಎಣ್ಣೆ ಒಂದು ಕಪ್. ಹಾಲನ್ನು ಮಿಕ್ಸಿಯ ಸಣ್ಣ ಜಾರಿಗೆ ಹಾಕಿ ತಿರುಗಿಸುತ್ತಾ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಿ. ಗಟ್ಟಿಯಾಗುತ್ತಾ ಬಂದ ಮೇಲೆ ನಿಂಬೆರಸ, ಉಪ್ಪು. ಇದರ ಬಗ್ಗೆ ಇನ್ನೂ ಹೇಳುವುದಿತ್ತು, ಆದರೆ ಮಜ್ಜಿಗೆ ಹುಳಿಯವರು ನನ್ನ ಸಮಯ ತಿಂದುಬಿಟ್ಟರು.

ಇನ್ನೊಂದೇ ಮಾತು. ಮಾಡಿದ್ದನ್ನು ಫ್ರಿಜ್ಜಿನಲ್ಲೇ ಇಟ್ಟು ಎರಡು ದಿನದೊಳಗೆ ಖಾಲಿ ಮಾಡಿ. ಬೇಸಿಗೆಯಲ್ಲಿ ಮಕ್ಕಳ ಊಟದ ಡಬ್ಬಿಗೆ ಹಾಕಿ ಕಳಿಸಬೇಡಿ, ಮಧ್ಯಾಹ್ನದ ಹೊತ್ತಿಗೆ ಕೆಟ್ಟಿರುತ್ತದೆ. ಸಂಜೆ ಮನೆಗೆ ಬಂದ ಮೇಲೆ ಎರಡು ಬ್ರೆಡ್ ನಡುವೆ ಇಟ್ಟು ಕೊಡಿ. ನೀರು ಸರಿಯಾಗಿ ಹಿಂಡಿದ್ದರೆ ಬ್ರೆಡ್ ನೆನೆಯಲ್ಲ. ನಮಸ್ಕಾರ.