ಲಿಟಲ್ ಇಟಲಿಯಲ್ಲಿ ದುಡ್ಡು ಕಟ್ಟಿದವರು ಯಾರು?

ಎಲ್ಲರಿಗೂ ನಮಸ್ಕಾರ.

ವಲಸಿಗರ ಗ್ಯಾಂಗು ಅಂದ ಕೂಡಲೇ ನಮಗೆ ನೆನಪಾಗೋದು ಸೂಟು ಹಾಕಿದ ಇಟಲಿಯ ಡಾನ್, ಅಲ್ವಾ? ನಾನು ಇವತ್ತು ಅವನಿಗೆ ದುಡ್ಡು ಕಟ್ಟಿದವರ ಬಗ್ಗೆ ಮಾತಾಡುತ್ತೇನೆ.

1901ರಿಂದ 1910ರೊಳಗೆ ಸುಮಾರು 20 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಬಂದರು. ಬಹುಪಾಲು ದಕ್ಷಿಣ ಇಟಲಿಯ ಬಡವರು. ನ್ಯೂಯಾರ್ಕಿನ ಮಲ್ಬರಿ ಸ್ಟ್ರೀಟ್ ಸುತ್ತ, ಅಂದರೆ ಲಿಟಲ್ ಇಟಲಿಯಲ್ಲಿ, ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ. ಹಗಲೆಲ್ಲ ಮಣ್ಣು ಅಗೆಯುವ ಕೆಲಸ. ಅವರಲ್ಲೇ ಒಬ್ಬ ದಿನಸಿ ಅಂಗಡಿ ಇಟ್ಟು ನಾಲ್ಕು ಕಾಸು ನೋಡಿದ ಅಂದರೆ, ಒಂದು ದಿನ ಅವನಿಗೆ ಕಾಗದ ಬರುತ್ತಿತ್ತು. ಇಂಥ ಜಾಗಕ್ಕೆ ಇಷ್ಟು ಡಾಲರ್ ತಂದಿಡು, ಇಲ್ಲವಾದರೆ ಅಂಗಡಿಗೆ ಬಾಂಬು, ಇಲ್ಲ ಮಗು ಕಾಣೆ. ಎಷ್ಟೋ ಕಾಗದಗಳಲ್ಲಿ ಭಾಷೆ ಬಹಳ ಮರ್ಯಾದೆಯದು! ಕೆಳಗೆ ಚಾಕು, ತಲೆಬುರುಡೆ, ಒಂದು ಕಪ್ಪು ಕೈ.

ಇದು ಬ್ಲ್ಯಾಕ್ ಹ್ಯಾಂಡ್. ಒಂದೇ ದೊಡ್ಡ ಸಂಘಟನೆ ಅಂತ ಪತ್ರಿಕೆಗಳು ಬರೆದವು. ಅದು ಸುಳ್ಳು. ಹತ್ತಾರು ಚಿಲ್ಲರೆ ಗುಂಪುಗಳು, ಒಂದೇ ಗುರುತು. ನಮ್ಮಲ್ಲಿ ಹಫ್ತಾ ಅಂತೀವಲ್ಲ, ಆ ದಂಧೆ.

ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ? ಪೊಲೀಸರಲ್ಲಿ ಐರಿಷ್ ಮೂಲದವರೇ ಜಾಸ್ತಿ. ಅವರಿಗೆ ಇಟಾಲಿಯನ್ ಭಾಷೆ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಭಯವೂ ಇತ್ತು. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಪೊಲೀಸ್ ಮುಖ್ಯಸ್ಥನ ಕೊಲೆ ಕೇಸಿನಲ್ಲಿ ಆರೋಪಿಗಳಾಗಿದ್ದ ಇಟಾಲಿಯನ್ನರಲ್ಲಿ ಯಾರಿಗೂ ಕೋರ್ಟು ಶಿಕ್ಷೆ ಕೊಡಲಿಲ್ಲ. ಮಾರನೇ ದಿನ ಜನ ಜೈಲಿಗೆ ನುಗ್ಗಿ 11 ಇಟಾಲಿಯನ್ನರನ್ನು ಕೊಂದರು. ಇದನ್ನು ಕೇಳಿದ ಅಂಗಡಿಯವನು ಯಾವ ಧೈರ್ಯದಲ್ಲಿ ಠಾಣೆಯ ಮೆಟ್ಟಿಲು ಹತ್ತಬೇಕು? ಜಗತ್ಪ್ರಸಿದ್ಧ ಒಪೆರಾ ಗಾಯಕ ಎನ್ರಿಕೊ ಕರೂಸೊಗೂ ಇಂಥ ಕಾಗದ ಬಂತು. ಅವನು ದೂರು ಕೊಟ್ಟ, ಬ್ರೂಕ್ಲಿನ್‌ನಲ್ಲಿ ಇಬ್ಬರು ಸಿಕ್ಕಿಬಿದ್ದರು. ಆದರೆ ಅವನು ಕರೂಸೊ!

ಆ ಬೀದಿಗಳನ್ನು ಬಲ್ಲ ಪೊಲೀಸ್ ಒಬ್ಬನಿದ್ದ, ಜೋಸೆಫ್ ಪೆಟ್ರೊಸಿನೊ. ದಕ್ಷಿಣ ಇಟಲಿಯ ಪಾದುಲಾ ಊರಿನವನು. 1883ರಲ್ಲಿ ಪೊಲೀಸ್ ಸೇರಿದ. ಕೂಲಿಯವನ ವೇಷದಲ್ಲಿ ತಿರುಗುತ್ತಿದ್ದ. ಮುಂದೆ ಇಟಾಲಿಯನ್ ಬಲ್ಲ ಪೊಲೀಸರದೇ ಒಂದು ತಂಡ ಕಟ್ಟಿದ. ಲಕ್ಷಾಂತರ ಜನರಿಗೆ ಬೆರಳೆಣಿಕೆಯ ಪೊಲೀಸರು, ಅಷ್ಟೇ. 1909ರಲ್ಲಿ, ಹಳೆಯ ಅಪರಾಧಿಗಳ ದಾಖಲೆ ತಂದು ಅವರನ್ನು ವಾಪಸ್ ಅಟ್ಟೋಣ ಅಂತ ಇಟಲಿಯ ಸಿಸಿಲಿ ದ್ವೀಪಕ್ಕೆ ಹೊರಟ. ಗುಟ್ಟಾಗಿರಬೇಕಿದ್ದ ಪ್ರಯಾಣ ಪತ್ರಿಕೆಯಲ್ಲಿ ಬಂತು. ಮಾರ್ಚ್ 12ರ ರಾತ್ರಿ ಅಲ್ಲಿನ ಪಲೆರ್ಮೊ ನಗರದ ಚೌಕದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ನ್ಯೂಯಾರ್ಕಿನಲ್ಲಿ ಅವನ ಅಂತ್ಯಯಾತ್ರೆಗೆ ಎರಡು ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು ಅಂತ ಅಂದಾಜು. 'ಇಟಾಲಿಯನ್ನರು ತಮ್ಮ ಕಳ್ಳರನ್ನು ಬಿಟ್ಟುಕೊಡಲ್ಲ' ಅನ್ನುವವರು ಈ ಜನರನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ.

ಹಾಗಾದರೆ ಬೀದಿ ರೌಡಿಗಳು ಕೋಟ್ಯಧಿಪತಿಗಳಾಗಿದ್ದು ಹೇಗೆ? ನನ್ನ ಪ್ರಕಾರ ಅದಕ್ಕೆ ಸಿಸಿಲಿಗಿಂತ ವಾಷಿಂಗ್ಟನ್ನಿನ ಸರ್ಕಾರವೇ ಜಾಸ್ತಿ ಕಾರಣ. 1920ರ ಜನವರಿಯಲ್ಲಿ ಪಾನನಿಷೇಧ ಬಂತು. ಕುಡಿಯುವವರು ಕುಡಿಯೋದು ಬಿಡಲಿಲ್ಲ. ಅಲ್ಲಿಯವರೆಗೆ ತಮ್ಮ ಕೇರಿಯವರನ್ನೇ ಸುಲಿಯುತ್ತಿದ್ದವರಿಗೆ ಈಗ ಇಡೀ ಶಹರವೇ ಗಿರಾಕಿ. ಜಾತಿ, ಭಾಷೆ ಯಾರಿಗೂ ಬೇಕಿರಲಿಲ್ಲ. ಸಿಸಿಲಿ ಮೂಲದ ಗ್ಯಾಂಗ್ ನಾಯಕ ಲಕಿ ಲುಸಿಯಾನೊ ಜೊತೆಗಿದ್ದ ಮೇಯರ್ ಲ್ಯಾನ್ಸ್ಕಿ ಯಹೂದಿ. 1931ರಲ್ಲಿ ಹಳೆಯ ಬಾಸ್‌ಗಳಿಬ್ಬರ ಕೊಲೆಯಾಯಿತು. ಆಮೇಲೆ ಲುಸಿಯಾನೊ ಗ್ಯಾಂಗುಗಳ ಜಗಳ ಬಗೆಹರಿಸಲು 'ಕಮಿಷನ್' ಅನ್ನುವ ಬಾಸ್‌ಗಳ ಮಂಡಳಿ ಮಾಡಿದ.

1933ರ ಡಿಸೆಂಬರ್‌ನಲ್ಲಿ ನಿಷೇಧ ಹೋಯಿತು. ಅಷ್ಟರಲ್ಲಿ ಇವರ ಹತ್ತಿರ ಲಾರಿಗಳಿದ್ದವು, ರಾಶಿ ದುಡ್ಡಿತ್ತು, ಕೈಬೆಚ್ಚಗೆ ಮಾಡಿಸಿಕೊಂಡ ಅಧಿಕಾರಿಗಳಿದ್ದರು. ಜೂಜಿಗೆ, ಬಂದರಿನ ಕಾರ್ಮಿಕ ಸಂಘಗಳಿಗೆ ಕೈಹಾಕಿದರು.