ಒಂದು ಕಪ್ ಮೈದಾ ಎಷ್ಟು ಗ್ರಾಂ?

ಚಿಕ್ಕಮಗಳೂರು ಕಡೆ ಮೆಣಸು ಬೆಳೆಯುವವರಿಗೆ ಲೀಟರ್ ತೂಕ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಒಂದು ಲೀಟರ್ ಅಳತೆಗೆ ಕಾಳು ತುಂಬಿ ತೂಗುತ್ತಾರೆ. 550 ಗ್ರಾಂ ಬಂದರೆ ಗಟ್ಟಿ ಕಾಳು. ಜೊಳ್ಳು ಜಾಸ್ತಿ ಇದ್ದರೆ ತೂಕ ಇಳಿಯುತ್ತದೆ. ಪಾತ್ರೆ ಅದೇ, ತೂಕ ಬೇರೆ.

ಇಷ್ಟು ಗೊತ್ತಿರುವ ನಾವು ಕೇಕ್ ಮಾಡುವಾಗ ಮಾತ್ರ ‘250 ಗ್ರಾಂ ಅಂದರೆ ಒಂದು ಕಪ್’ ಅಂತ ನಂಬಿಬಿಡುತ್ತೇವೆ. ಅದು ನೀರಿಗೆ ಸರಿ. ಮೈದಾಕ್ಕೆ ಖಂಡಿತ ಅಲ್ಲ.

ನಾನೂ ಹಾಗೇ ನಂಬಿದ್ದೆ. ಮೈದಾ, ಸಕ್ಕರೆ, ಬೆಣ್ಣೆ ತಲಾ 250 ಗ್ರಾಂ, ನಾಲ್ಕು ಮೊಟ್ಟೆ. ಎಲ್ಲವನ್ನೂ ಒಂದೊಂದು ಕಪ್ ಹಾಕಿದೆ. ಕೇಕ್ ನಡುವೆ ಕುಸಿಯಿತು, ತಳದಲ್ಲಿ ಬೆಣ್ಣೆ ಜಿನುಗಿತು. ಯಾಕೆ ಗೊತ್ತಾ? 250 ಮಿಲಿ ಕಪ್ಪಿಗೆ ಬೆಣ್ಣೆ 230 ಗ್ರಾಂ ಹತ್ತಿರ ಹಿಡಿಯುತ್ತದೆ, ಸಕ್ಕರೆ 210ರ ಆಸುಪಾಸು. ಮೈದಾ ಬರೀ 130. ಅಂದರೆ ಹಿಟ್ಟು ಬೇಕಾದ್ದರಲ್ಲಿ ಅರ್ಧವೇ ಬಿದ್ದಿತ್ತು! ಅದೇ ಕಪ್ಪಿಗೆ ಜೇನುತುಪ್ಪ ತುಂಬಿದರೆ 350 ಗ್ರಾಂ.

ಇನ್ನು ಕಪ್ ಅಂದರೆ ಯಾವ ಕಪ್? ಅಮೆರಿಕದ್ದು 240 ಮಿಲಿ ಹತ್ತಿರ, ಆಸ್ಟ್ರೇಲಿಯಾದ್ದು 250, ಜಪಾನಿನದು 200. ನಮ್ಮನೆ ಕಾಫಿ ಲೋಟ ಯಾವ ಲೆಕ್ಕಕ್ಕೂ ಇಲ್ಲ.

ಕೈಯದ್ದೂ ಒಂದು ಲೆಕ್ಕ ಇದೆ. ಹಿಟ್ಟನ್ನು ಚಮಚದಲ್ಲಿ ಮೆಲ್ಲಗೆ ತುಂಬಿ, ಮೇಲೆ ಚಾಕುವಿನಿಂದ ಸಮ ಮಾಡಿದರೆ ಅಮೆರಿಕದ ಕಪ್ಪಿಗೆ 120-125 ಗ್ರಾಂ. ಕಪ್ಪನ್ನೇ ಡಬ್ಬಕ್ಕೆ ಅದ್ದಿ ಬಗೆದರೆ 140, 150. ಮೂರು ಕಪ್ಪಿನ ಕೇಕಿಗೆ ಸುಮಾರು ಅರ್ಧ ಕಪ್ಪಿನಷ್ಟು ಹೆಚ್ಚು ಹಿಟ್ಟು ಸುಮ್ನೆ ಸೇರಿಕೊಳ್ಳುತ್ತದೆ. ಆಮೇಲೆ ‘ಓವನ್ ಸರಿಯಿಲ್ಲ’ ಅಂತೀವಿ, ಅಲ್ವಾ?

ಹಾಗಾಗಿ ಕನ್ನಡದಲ್ಲಿ ಕೇಕ್ ಹೇಳಿಕೊಡುವ ಎಲ್ಲರಲ್ಲೂ ನನ್ನ ಬೇಡಿಕೆ ಒಂದೇ. ದಯವಿಟ್ಟು ಗ್ರಾಂ ಹೇಳಿ. ಕಪ್ ಹೇಳಲೇಬೇಕು ಅಂದರೆ ಅದು ಎಷ್ಟು ಮಿಲಿ, ಹಿಟ್ಟು ಹೇಗೆ ತುಂಬಿದಿರಿ ಅನ್ನುವುದನ್ನೂ ಹೇಳಿ. ನೋಡಿ ಮಾಡುವವರ ಬೆಣ್ಣೆ, ಮೊಟ್ಟೆ ದುಡ್ಡು ಕೊಟ್ಟು ತಂದದ್ದು.

ಬೇಕಿಂಗ್ ಪೌಡರ್, ಸೋಡಾ, ಉಪ್ಪಿಗೆ ಮಾತ್ರ ಚಮಚವೇ ವಾಸಿ. ಮನೆಯ ಡಿಜಿಟಲ್ ತಕ್ಕಡಿಗೆ ಎರಡು ಮೂರು ಗ್ರಾಂ ಸರಿಯಾಗಿ ಸಿಗುವುದಿಲ್ಲ. 5 ಮಿಲಿ ಟೀ ಚಮಚ ಸಾಕು. ಟೇಬಲ್ ಚಮಚ ಮಾತ್ರ ನೋಡಿಕೊಳ್ಳಿ: ಹೆಚ್ಚಿನ ಕಡೆ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20.

ತಕ್ಕಡಿ ಇಲ್ಲದವರು ಏನು ಮಾಡಬೇಕು? ಹಾಸನದಲ್ಲಿರುವ ನಮ್ಮ ಅತ್ತೆಯವರ ಹತ್ತಿರವೂ ತಕ್ಕಡಿ ಇಲ್ಲ. ಹಳೇ ಪಾವು ಇದೆ. ಅವರು ಅರ್ಧ ಕೆಜಿಯ ಮೈದಾ ಪ್ಯಾಕೆಟ್ ಒಡೆದು, ಚಮಚದಲ್ಲಿ ಪಾವಿಗೆ ತುಂಬಿ, ಎಷ್ಟು ಪಾವು ಬಂತು ಅಂತ ಎಣಿಸಿದರು. ನಾಲ್ಕು ಬಂತು. ಅಂದರೆ ಅವರ ಪಾವಿಗೆ, ಅವರ ಕೈಗೆ 125 ಗ್ರಾಂ. ಸಕ್ಕರೆಯನ್ನೂ ಹೀಗೇ ಎಣಿಸಿದರು. ಬೆಣ್ಣೆಗೆ ಅಳತೆಯೇ ಬೇಡ, ಪ್ಯಾಕೆಟ್ ಮೇಲಿನ ತೂಕ ನೋಡಿ ಕತ್ತರಿಸುತ್ತಾರೆ. ಎಲ್ಲವನ್ನೂ ಬೀರುವಿನ ಬಾಗಿಲ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾರೆ. ಈಗ ಗ್ರಾಂನಲ್ಲಿರುವ ಯಾವ ಕೇಕ್ ಬೇಕಾದರೂ ಪಾವಿನಲ್ಲೇ ಮಾಡುತ್ತಾರೆ.

ರಾಗಿ ಹಿಟ್ಟಿನ ಮುಂದೆ ಮಾತ್ರ ಇನ್ನೂ ಖಾಲಿ ಇದೆ. ‘ಮಿಲ್‌ನಿಂದ ಈಗಷ್ಟೇ ಬಂದಿದೆ ಕಣಮ್ಮ, ಹಿಟ್ಟು ಉಬ್ಬಿದೆ. ಎರಡು ದಿನ ಡಬ್ಬದಲ್ಲಿ ಕೂರಲಿ, ಆಮೇಲೆ ಅಳೆಯೋಣ’ ಅಂದಿದ್ದಾರೆ.