ಹೂಸ್ಟನ್ ಪರ್ಸನ್‌ಗೆ ಇನ್ನೂ ಸಿಗದ ಗೌರವ

ಕೇಳುಗರಿಗೆ ನಮಸ್ಕಾರ. ಇಂದಿನ ಮಾತು ಜಾಝ್ ಟೆನರ್ ಸ್ಯಾಕ್ಸೊಫೋನ್ ವಾದಕ ಹೂಸ್ಟನ್ ಪರ್ಸನ್ ಬಗ್ಗೆ.

ಟೆನರ್ ಸ್ಯಾಕ್ಸೊಫೋನಿನ ತೀರಾ ಕೆಳಗಿನ ನಾಲ್ಕೈದು ಸ್ವರಗಳನ್ನು ಜೋರಾಗಿ ಊದುವುದು ಕಷ್ಟವಲ್ಲ. ಮೆಲ್ಲಗೆ ನುಡಿಸುವುದೇ ಕಷ್ಟ. ಕೆಳದವಡೆಯನ್ನು ತುಸು ಹಿಂದಕ್ಕೆಳೆದು, ಬಾಯಿಗಿಡುವ ತುದಿಯಲ್ಲಿ ಕಂಪಿಸುವ ತೆಳು ಪಟ್ಟಿಯಾದ ರೀಡಿನ ಮೇಲೆ ತುಟಿಯ ಒತ್ತಡ ಸಡಿಲಿಸಬೇಕು. ಆದರೆ ಉಸಿರಿನ ಆಸರೆ ತಪ್ಪಬಾರದು. ಉಸಿರು ಸೋತರೆ ಸ್ವರ ಹುಟ್ಟುವುದಿಲ್ಲ, ತುಟಿ ಬಿಗಿದರೆ ಮೇಲಿನ ಸ್ಥಾಯಿಗೆ ಜಿಗಿದುಬಿಡುತ್ತದೆ, ಅತಿಯಾಗಿ ಸಡಿಲಾದರೆ ಶ್ರುತಿ ಇಳಿಯುತ್ತದೆ. ವಾದ್ಯದ ರಂಧ್ರಗಳನ್ನು ಮುಚ್ಚುವ ಪ್ಯಾಡ್‌ಗಳಲ್ಲಿ ಒಂದೇ ಒಂದು ಕೂದಲೆಳೆಯಷ್ಟು ಸೋರಿದರೂ ಆಯಿತು, ಎಂಥ ವಾದಕನಾದರೂ ಗೊಗ್ಗರು ದನಿಯೇ ಗತಿ. ಎಲ್ಲ ಕೂಡಿಬಂದಾಗ ಮೊದಲು ಉಸಿರು ಕೇಳುತ್ತದೆ, ಅದರೊಳಗಿಂದ ಸ್ವರ ಮೂಡುತ್ತದೆ. ಇದಕ್ಕೆ ಸಬ್‌ಟೋನ್ ಎನ್ನುತ್ತಾರೆ. ಇದನ್ನು ಹೂಸ್ಟನ್ ಪರ್ಸನ್ ಅವರಷ್ಟು ನಿರಾಯಾಸವಾಗಿ ನುಡಿಸಿದವರು ಬಹಳ ಮಂದಿ ಇಲ್ಲ.

ಪರ್ಸನ್ ಹುಟ್ಟಿದ್ದು 1934ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನಾದ ಫ್ಲಾರೆನ್ಸ್ ಊರಿನಲ್ಲಿ. ಮೊದಲು ಪಿಯಾನೊ, ಹದಿನೇಳಕ್ಕೆ ಟೆನರ್. ವಾಯುಪಡೆಯಲ್ಲಿದ್ದಾಗ ಜರ್ಮನಿಯಲ್ಲಿ ನುಡಿಸಿದರು. ಅರವತ್ತರ ದಶಕದಲ್ಲಿ ಆರ್ಗನ್ ವಾದಕ ಜಾನಿ ಹ್ಯಾಮಂಡ್ ಸ್ಮಿತ್ ಅವರ ತಂಡ ಸೇರಿದರು, 1966ರಿಂದ ಪ್ರೆಸ್ಟೀಜ್ ಕಂಪನಿಗೆ ತಮ್ಮ ಹೆಸರಲ್ಲೇ ರೆಕಾರ್ಡ್ ಮಾಡಿದರು. ಅದು ಬ್ಲೂಸ್ ಮತ್ತು ಚರ್ಚ್ ಹಾಡುಗಳ ಸೊಗಡಿನ ಸೋಲ್ ಜಾಝ್ ಉತ್ತುಂಗದಲ್ಲಿದ್ದ ಕಾಲ. ಪರ್ಸನ್ ಟೆನರ್ ನುಡಿಸಿದ, ಆರ್ಗನ್ ವಾದಕ ಚಾರ್ಲ್ಸ್ ಅರ್ಲ್ಯಾಂಡ್ ಅವರ 1969ರ 'ಬ್ಲ್ಯಾಕ್ ಟಾಕ್' ಆಲ್ಬಮ್ ಕೇಳಿ. ಅದರಲ್ಲಿ ತಗ್ಗು ಸ್ವರಗಳ ತಂತಿವಾದ್ಯವಾದ ಬಾಸ್ ನುಡಿಸುವವನೇ ಇಲ್ಲ, ಬಾಸ್ ನಡೆಯನ್ನೂ ಆರ್ಗನ್ನೇ ಹೊರುತ್ತದೆ. ಹ್ಯಾಮಂಡ್ ಎಂಬ ಈ ವಿದ್ಯುತ್ ಆರ್ಗನ್ನಿನ ನಾದ ಪಿಯಾನೊದ ಹಾಗೆ ತಾನಾಗಿ ಕರಗುವುದಿಲ್ಲ. ಕೀಲಿ ಒತ್ತಿ ಹಿಡಿದಷ್ಟು ಹೊತ್ತೂ ಮಧ್ಯದ ಸ್ಥಾಯಿಯನ್ನೆಲ್ಲ ತುಂಬಿಕೊಂಡಿರುತ್ತದೆ. ತೆಳು ದನಿಯ ಸ್ಯಾಕ್ಸೊಫೋನ್ ಅಲ್ಲಿ ಮುಳುಗಿಹೋಗುತ್ತದೆ. ಪರ್ಸನ್ ಅವರ ಅಗಲವಾದ, ತುಂಬಿದ ದನಿ ಹದಗೊಂಡದ್ದು ಆ ಗರಡಿಯಲ್ಲಿ.

ಇಷ್ಟಿದ್ದೂ ಅವರಿಗೆ ಸಾಕಷ್ಟು ಮನ್ನಣೆ ಸಿಕ್ಕಿದೆಯೇ? ಇಲ್ಲ ಎಂದೇ ಹೇಳಬೇಕು. ಸೋಲ್ ಜಾಝ್ ಬೆಳೆದದ್ದು ಕಪ್ಪು ಜನರ ಬಡಾವಣೆಗಳ ಬಾರುಗಳಲ್ಲಿ, ಕಾಸು ಹಾಕಿದರೆ ಹಾಡು ಕೇಳಿಸುವ ಜ್ಯೂಕ್‌ಬಾಕ್ಸುಗಳಲ್ಲಿ. ಜನ ಕುಣಿದರು, ದುಡ್ಡು ಕೊಟ್ಟು ಕೇಳಿದರು. ಆ ಕಾರಣಕ್ಕೇ ಅಂದಿನ ಎಷ್ಟೋ ವಿಮರ್ಶಕರು ಅದನ್ನು ವ್ಯಾಪಾರದ ಸಂಗೀತವೆಂದು ಪಕ್ಕಕ್ಕಿಟ್ಟರು. ಜಾಝ್ ಚರಿತ್ರೆಯನ್ನು ಬರೆಯುವವರ ಅಳತೆಗೋಲು ಹೊಸತನ, ಒಂದಾದ ಮೇಲೊಂದು ಹೊಸ ಶೈಲಿ: ಬೀಬಾಪ್ ಆಯಿತು, ಮೋಡಲ್ ಆಯಿತು, ಫ್ರೀ ಜಾಝ್ ಆಯಿತು. ಹಳೆಯ ಹಾಡನ್ನೇ ಎತ್ತಿಕೊಂಡು, ಅದರ ಧಾಟಿ ಕೆಡಿಸದೆ, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಂತು ನುಡಿಸುವವನಿಗೆ ಆ ಕಥೆಯಲ್ಲಿ ಅಧ್ಯಾಯವಿಲ್ಲ.

ಎರಡನೆಯ ಕಾರಣ ಅವರ ಕೆಲಸದೊಳಗೇ ಇದೆ. ಎಟಾ ಜೋನ್ಸ್ ಎಂಬ ಮಹಾನ್ ಗಾಯಕಿಯ ಜೊತೆ, 2001ರಲ್ಲಿ ಆಕೆ ತೀರಿಕೊಳ್ಳುವವರೆಗೆ, ಸುಮಾರು ಮೂರು ದಶಕ ಪರ್ಸನ್ ನುಡಿಸಿದರು. ಆಕೆಯ ಆಲ್ಬಮ್‌ಗಳನ್ನೂ ನಿರ್ಮಿಸಿದರು. ಗಾಯಕಿಯ ಹಿಂದೆ ನುಡಿಸುವ ಪರಿ ಗಮನಿಸಿ. 32 ಬಾರ್‌ಗಳ, ಅಂದರೆ 32 ತಾಳದ ಆವರ್ತಗಳ, ಹಾಡು ಸಾಮಾನ್ಯವಾಗಿ ಎಂಟೆಂಟರ ನಾಲ್ಕು ಭಾಗ. ಪ್ರತಿ ಭಾಗದ ಕೊನೆಯಲ್ಲಿ ಆಕೆ ಪದ ಮುಗಿಸಿ ಉಸಿರೆಳೆದುಕೊಳ್ಳುವಾಗ ಒಂದೂವರೆ, ಎರಡು ಬಾರ್‌ನಷ್ಟು ಎಡೆ ಸಿಗುತ್ತದೆ. ಸ್ಯಾಕ್ಸೊಫೋನ್ ಮಾತಾಡಬೇಕಾದದ್ದು ಅಲ್ಲಿ. ಪದದ ಕೊನೆಯ ಸ್ವರಾಕ್ಷರ ಇನ್ನೂ ಎಳೆಯುತ್ತಿರುವಾಗಲೇ ನುಗ್ಗಿದರೆ ಸಾಹಿತ್ಯ ಕಿವಿಗೆ ಬೀಳುವುದಿಲ್ಲ. ಹೊರಡುವುದು ತಡವಾದರೆ ಮುಂದಿನ ಸಾಲಿನ ಎತ್ತುಗಡೆಗೆ ಡಿಕ್ಕಿ. ಪರ್ಸನ್ ಆ ಎಡೆಯಲ್ಲೂ ಎಷ್ಟೋ ಸಲ ಮೂರೇ ಸ್ವರ ಇಟ್ಟು ಸುಮ್ಮನಾಗುತ್ತಾರೆ. ಈ ಕೆಲಸ ಚೆನ್ನಾಗಿ ಆದಷ್ಟೂ ಹೊಗಳಿಕೆ ಗಾಯಕಿಗೇ ಹೋಗುತ್ತದೆ.

ಬಾಸ್ ವಾದಕ ರಾನ್ ಕಾರ್ಟರ್ ಜೊತೆಗಿನ ಜೋಡಿ ಆಲ್ಬಮ್‌ಗಳನ್ನಂತೂ ಬಿಡದೆ ಕೇಳಬೇಕು. ಮೊದಲನೆಯದು 1989ರ ರೆಕಾರ್ಡಿಂಗ್. ಡ್ರಮ್ಸ್ ಇಲ್ಲ, ಪಿಯಾನೊ ಇಲ್ಲ. ಕಾಲ ತಪ್ಪಿದರೆ ಹಿಡಿಯುವವರಿಲ್ಲ, ಶ್ರುತಿ ಜಾರಿದರೆ ಮುಚ್ಚುವವರಿಲ್ಲ. ಆ ಬೆತ್ತಲೆ ಸ್ಥಿತಿಯಲ್ಲಿ ಪರ್ಸನ್ ತೋರುವ ನೆಮ್ಮದಿ ಬೆರಗು ಹುಟ್ಟಿಸುತ್ತದೆ.

ಅಮೆರಿಕ ಸರ್ಕಾರದ ಕಲಾ ಸಂಸ್ಥೆಯು 1982ರಿಂದ ಜಾಝ್ ಮಾಸ್ಟರ್ಸ್ ಗೌರವ ಕೊಡುತ್ತಿದೆ. ಸೋಲ್ ಜಾಝ್‌ನ ಹಿರಿಯ ಆಲ್ಟೊ ಸ್ಯಾಕ್ಸೊಫೋನ್ ವಾದಕ ಲೂ ಡೊನಾಲ್ಡ್‌ಸನ್‌ಗೆ ಅದು ಬಂದದ್ದು 2013ರಲ್ಲಿ, ಎಂಬತ್ತಾರನೇ ವಯಸ್ಸಿಗೆ. ಅದೇ ಸಾಲಿನ ಸ್ಯಾಕ್ಸೊಫೋನ್ ವಾದಕರಾದ ಸ್ಟ್ಯಾನ್ಲಿ ಟರಂಟೈನ್ 2000ದಲ್ಲಿ, ಹ್ಯಾಂಕ್ ಕ್ರಾಫರ್ಡ್ 2009ರಲ್ಲಿ ಅದಿಲ್ಲದೆಯೇ ಹೋದರು. 2024ರಲ್ಲಿ ಪರ್ಸನ್‌ಗೆ ತೊಂಬತ್ತು ತುಂಬಿತು. 2025ರವರೆಗಿನ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಈ ಗೌರವಕ್ಕೆ ಸಾರ್ವಜನಿಕರೂ ಹೆಸರು ಸೂಚಿಸಬಹುದು. ಬದುಕಿರುವವರ ಹೆಸರನ್ನು ಮಾತ್ರ.